ವರ್ಕ್‌ಶಾಪಿಗೆ ಒಪ್ಪಬೇಕೆ ಎಂದು ಕೇಳಿದವರಿಗೆ

ಎಂಜಿನಿಯರ್ ಎಂದು ಇಂಗ್ಲೆಂಡಿನ ಕಾರ್ಖಾನೆಗೆ ಕರೆಸಿಕೊಂಡವರು ಮೊದಲ ಆರು ತಿಂಗಳು ವರ್ಕ್‌ಶಾಪಿನಲ್ಲಿ ಕೆಲಸ ಮಾಡಿಸುತ್ತಾರಂತೆ, ಪದವಿ ಪಡೆದವನು ಇದಕ್ಕೆ ಒಪ್ಪಬೇಕೆ ಎಂದು ಕೇಳಿದ್ದೀರಿ. ಜೊತೆಗೆ ಮನೆ ಬಾಡಿಗೆಯ ಬಗ್ಗೆ, ಚಳಿಯ ಬಗ್ಗೆಯೂ ಕೇಳಿದ್ದೀರಿ. ಬಾಡಿಗೆಯ ವಿಚಾರವನ್ನು ನಿಮ್ಮ ವಯಸ್ಸಿನವರೇ ನನಗಿಂತ ಚೆನ್ನಾಗಿ ಬಲ್ಲರು. ಚಳಿಗೆ ಒಳ್ಳೆಯ ಬೂಟು ಕೊಳ್ಳಿ. ವರ್ಕ್‌ಶಾಪಿಗೆ ಮಾತ್ರ ಎರಡು ಮಾತಿಲ್ಲದೆ ಒಪ್ಪಿಕೊಳ್ಳಿ.

ನಾನು 1961ರಲ್ಲಿ ಎರಡು ವರ್ಷಗಳ ಪದವೀಧರ ಅಪ್ರೆಂಟಿಸ್ ಆಗಿ ಮ್ಯಾಂಚೆಸ್ಟರಿಗೆ ಬಂದೆ. ಇಲ್ಲಿನ ಹುಡುಗರು ಆಗ 15–16ನೆಯ ವಯಸ್ಸಿಗೇ ಕಾರ್ಖಾನೆ ಸೇರಿ, 21 ತುಂಬುವವರೆಗೆ ಕಸುಬು ಕಲಿಯುತ್ತಿದ್ದರು. ಹಲವರು ವಾರಕ್ಕೊಂದು ದಿನ ತಾಂತ್ರಿಕ ಕಾಲೇಜಿಗೆ ಹೋಗಿ ಸಿಟಿ ಅಂಡ್ ಗಿಲ್ಡ್ಸ್ ಎಂಬ ಕಸುಬಿನ ಪರೀಕ್ಷೆಗೆ ಓದುತ್ತಿದ್ದರು. ಅವರ ಸಾಲಿನಲ್ಲೇ, 22ರ ಪ್ರಾಯದ ನಾನೂ ಲೋಹದ ತುಂಡನ್ನು ಬಿಗಿಹಿಡಿಯುವ ವೈಸಿನ ಮುಂದೆ ನಿಂತೆ. ತೊಲೆ ಎಷ್ಟು ಬಾಗುತ್ತದೆಂದು ಲೆಕ್ಕ ಹಾಕಬಲ್ಲವನಾಗಿದ್ದರೂ ಉಕ್ಕಿನ ತುಂಡೊಂದನ್ನು ಅರದಿಂದ ಸಮತಟ್ಟಾಗಿ ಉಜ್ಜಲು ನನಗೆ ಬರಲಿಲ್ಲ. ಹಿರಿಯ ಫಿಟ್ಟರೊಬ್ಬರು ಆ ತುಂಡಿನ ಮೇಲೆ ಉಕ್ಕಿನ ನೇರಪಟ್ಟಿಯನ್ನಿಟ್ಟು ಕಿಟಕಿಯ ಕಡೆಗೆ ಹಿಡಿದರೆ ಎರಡೂ ಅಂಚುಗಳಲ್ಲಿ ಬೆಳಕು ನುಸುಳುತ್ತಿತ್ತು. ಅರ ಮುಂದೆ ಸರಿದಂತೆ ತುದಿ ಹಿಡಿದ ಕೈಯ ಭಾರ ಇಳಿದು ಹಿಡಿಯ ಮೇಲಿನ ಕೈಯ ಭಾರ ಏರಬೇಕೆಂಬುದು ನನ್ನ ಮೈಗೆ ಹತ್ತಲು ಮೂರು ವಾರ ಹಿಡಿಯಿತು.

ಆಮೇಲೆ ಅವರು ಎರಕದ ಕಬ್ಬಿಣದ ಮೂರು ಫಲಕಗಳನ್ನು ಕೊಟ್ಟು, ಮೂರನ್ನೂ ಪೂರ್ತಿ ಸಮತಟ್ಟು ಮಾಡಲು ಹೇಳಿದರು. ಎರಡನ್ನೇ ಹೊಂದಿಸಿದರೆ ಒಂದು ಉಬ್ಬಿ, ಇನ್ನೊಂದು ತಗ್ಗಾಗಿದ್ದರೂ ಅವು ಕೂಡಿಕೊಂಡುಬಿಡಬಹುದು. ಮೂರನ್ನೂ ಅದಲುಬದಲು ಮಾಡಿ ನೀಲಿ ಬಣ್ಣ ಸವರಿ ಉಜ್ಜಿ, ಗುರುತು ಬಿದ್ದ ಉಬ್ಬುಗಳನ್ನು ಸ್ಕ್ರೇಪರಿನಿಂದ ಕೆರೆಯುತ್ತಾ ಹೋದರೆ ಮಾತ್ರ ಸುಳ್ಳಿಗೆ ಜಾಗ ಉಳಿಯುವುದಿಲ್ಲ. ಅದೇ ಊರಿನಲ್ಲಿ ಕಾರ್ಖಾನೆ ನಡೆಸಿದ ಜೋಸೆಫ್ ವಿಟ್‌ವರ್ತ್ 1840ರಲ್ಲೇ ವಿವರಿಸಿದ ವಿಧಾನವಿದು. ನನ್ನ ಮೂರು ಫಲಕಗಳನ್ನು ಪರೀಕ್ಷಿಸಿದ ದಿನ ಆ ಹಿರಿಯರು ಏನೂ ಹೇಳದೆ ತಮ್ಮ ಸ್ವಂತ ಸ್ಕ್ರೇಪರೊಂದನ್ನು ನನ್ನ ಕೈಗಿತ್ತರು. ಪದವಿ ಪಡೆದ ದಿನವೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಆದರೆ ಅಪ್ಪನಿಗೆ ಪ್ರತಿಯೊಂದು ಪತ್ರದಲ್ಲೂ ಯಂತ್ರಗಳ ನಕ್ಷೆ ಬರೆಯುವ ಡ್ರಾಯಿಂಗ್ ಆಫೀಸಿನಲ್ಲಿದ್ದೇನೆಂದೇ ಬರೆದೆ. ಸಾಲ ಮಾಡಿ ಓದಿಸಿದ ಮಗ ಅರ ಹಿಡಿದನೆಂದರೆ ಮನೆಯಲ್ಲಿ ಏನಾಗುತ್ತದೆಂದು ನಿಮಗೆ ವಿವರಿಸಬೇಕಿಲ್ಲ. ಕೋಟು ತೊಟ್ಟು, ಉಗುರುಗಳ ಕಲೆ ಕಾಣದಂತೆ ಕೈಗಳನ್ನು ಬೆನ್ನಿಗೆ ಕಟ್ಟಿ ತೆಗೆಸಿದ ಫೋಟೋ ಕಳಿಸಿದೆ. ಅವರು 1964ರಲ್ಲಿ ತೀರಿಕೊಂಡರು. ಮನೆಗೆ ಬಂದವರಿಗೆಲ್ಲ ಆ ಫೋಟೋವನ್ನೇ ತೋರಿಸುತ್ತಿದ್ದರೆಂದು ತಂಗಿ ಬರೆದಳು. ನನ್ನ ಜೀವನದಲ್ಲಿ ನಾನು ನಿಜವಾಗಿ ಹೆಮ್ಮೆಪಟ್ಟ ಮೊದಲ ಕೆಲಸದ ಸುದ್ದಿ ಅವರಿಗೆ ತಲುಪಲೇ ಇಲ್ಲ. ಆ ಸ್ಕ್ರೇಪರನ್ನು ಮುಟ್ಟಿದಾಗಲೆಲ್ಲ ಇಂದಿಗೂ ಅದೇ ನೆನಪಾಗುತ್ತದೆ.

ಮೊದಲ ವಾರ ಮುಗಿದೊಡನೆ, ಓವರಾಲ್ ತೊಟ್ಟು ಯಂತ್ರದ ಪಕ್ಕದಲ್ಲಿ ನಿಂತ ಒಂದು ಫೋಟೋವನ್ನು ಮನೆಗೆ ಕಳಿಸಿ. ಕೈಗಳು ಕಾಣುವಂತೆ ನಿಲ್ಲಿ.