ಬರಹಗಾರರಿಗೆ ಸಲಹೆ: ಎಕ್ಸ್-ರೇ ಕೋಣೆಯ ಮಕ್ಕಳ ಕುರಿತ ನಿಮ್ಮ ಲೇಖನ

ಮಾನ್ಯರೇ,

ಯಾದಗಿರಿಯಿಂದ ನೀವು ಕಳುಹಿಸಿದ ‘ಕಂದಮ್ಮಗಳ ಮೇಲೆ ಕಾಣದ ಬೆಂಕಿ’ ಲೇಖನ ಕಲಬುರಗಿಯ ನಮ್ಮ ಕಚೇರಿಗೆ ತಲುಪಿದೆ. ಕ್ಯಾಥ್ ಲ್ಯಾಬ್‌ನಲ್ಲಿ (ಎಕ್ಸ್-ರೇ ಚಿತ್ರ ನೋಡುತ್ತಾ ರಕ್ತನಾಳದೊಳಗಿಂದ ತೆಳು ಕೊಳವೆ ತೂರಿಸಿ ಹೃದಯಕ್ಕೆ ಚಿಕಿತ್ಸೆ ಮಾಡುವ ಕೋಣೆ) ತಂತ್ರಜ್ಞರಾಗಿರುವ ನೀವು, ಮಕ್ಕಳ ಹೃದಯದ ರಂಧ್ರವನ್ನು ಮುಚ್ಚುವಾಗ ಅಥವಾ ಕಿರಿದಾದ ಕವಾಟವನ್ನು ಬಲೂನಿನಿಂದ ಹಿಗ್ಗಿಸುವಾಗ ಅವರ ಮೈಗೆ ತಗಲುವ ವಿಕಿರಣವನ್ನು ತಗ್ಗಿಸಬೇಕೆಂದು ಅದರಲ್ಲಿ ವಾದಿಸಿದ್ದೀರಿ. ವಿಷಯ ನಮ್ಮ ಓದುಗರಿಗೆ ಬೇಕಾದದ್ದೇ ಆದರೂ ಈಗಿರುವ ರೂಪದಲ್ಲಿ ಲೇಖನವನ್ನು ಪ್ರಕಟಿಸಲಾಗದು.

ಮೊದಲ ಎರಡು ಪುಟಗಳನ್ನು ತೆಗೆದುಹಾಕಿ. 1895ರಲ್ಲಿ ಎಕ್ಸ್-ರೇ ಕಂಡುಹಿಡಿದ ರಾಂಟ್ಜನ್‌ನಿಂದ ಹೊರಟು ಹಿರೋಶಿಮಾ ದಾಟಿ ನಿಮ್ಮ ಕೋಣೆಯ ಬಾಗಿಲಿಗೆ ಬರುವಷ್ಟರಲ್ಲಿ ಓದುಗ ದಣಿದಿರುತ್ತಾನೆ, ಇಲ್ಲವೇ ಹೆದರಿರುತ್ತಾನೆ. ಎಳೆಯ ವಯಸ್ಸಿನಲ್ಲಿ ವಿಕಿರಣಕ್ಕೆ ಒಡ್ಡಿಕೊಂಡವರಿಗೆ ಮುಂದೆ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚೆಂಬುದು ಅಣುಬಾಂಬಿನಿಂದ ಬದುಕುಳಿದವರ ದೀರ್ಘ ಅಧ್ಯಯನದಿಂದ ತಿಳಿದದ್ದು ನಿಜ. ಆದರೆ ಪ್ರಮಾಣದ ಅಂತರವನ್ನು ಹೇಳದೆ ಬಾಂಬನ್ನೂ ಕ್ಯಾಥ್ ಲ್ಯಾಬನ್ನೂ ಒಂದೇ ಪುಟದಲ್ಲಿ ಇಟ್ಟರೆ, ಚಿಂಚೋಳಿಯಿಂದಲೋ ಔರಾದಿನಿಂದಲೋ ಮಗುವನ್ನು ಎತ್ತಿಕೊಂಡು ಬಂದ ತಾಯಿ ಚಿಕಿತ್ಸೆ ಮಾಡಿಸದೆಯೇ ಬಸ್ಸು ಹತ್ತಿಬಿಡಬಹುದು. ಹುಟ್ಟು ಹೃದಯದೋಷಕ್ಕೆ ಸಕಾಲದಲ್ಲಿ ಚಿಕಿತ್ಸೆ ಸಿಗದಿದ್ದರೆ ಆಗುವ ಹಾನಿಯ ಎದುರು ವಿಕಿರಣದ ಅಪಾಯ ಬಹಳ ಚಿಕ್ಕದು. ಎದೆ ಸೀಳುವ ಶಸ್ತ್ರಚಿಕಿತ್ಸೆಯೇ ಬೇಡವಾಗುವಂತೆ ಮಾಡುವುದೂ ಎಷ್ಟೋ ಸಲ ಇದೇ ಎಕ್ಸ್-ರೇ. ಇದನ್ನು ನೀವು ಕೊನೆಯ ಪುಟದ ಒಂದು ವಾಕ್ಯದಲ್ಲಿ ಮುಗಿಸಿದ್ದೀರಿ. ಅದು ಆರಂಭದಲ್ಲೇ ಬರಬೇಕು. ವಿಕಿರಣವನ್ನು ನಮ್ಮೂರ ಮೇ ತಿಂಗಳ ಬಿಸಿಲಿಗೆ ಹೋಲಿಸಿದ್ದನ್ನೂ ಬಿಟ್ಟುಬಿಡಿ: ಬಿಸಿಲು ಸುಟ್ಟು ಎಚ್ಚರಿಸುತ್ತದೆ, ಎಕ್ಸ್-ರೇ ಹಾಗೆ ಎಚ್ಚರಿಸುವುದಿಲ್ಲ.

ಲೇಖನದ ಜೀವ ಇರುವುದು ಐದನೆಯ ಪುಟದಲ್ಲಿ, ನೀವು ಕಾಲಿನ ಪೆಡಲ್ ಬಗ್ಗೆ ಬರೆದ ಎಂಟು ಸಾಲುಗಳಲ್ಲಿ. ವೈದ್ಯರು ಪೆಡಲ್ ಒತ್ತಿರುವಷ್ಟು ಹೊತ್ತು ಮಾತ್ರ ಕಿರಣ ಹೊರಡುತ್ತದೆ, ಕಾಲು ತೆಗೆದರೂ ಕೊನೆಯ ಚಿತ್ರ ಪರದೆಯ ಮೇಲೆ ನಿಂತಿರುತ್ತದೆ, ಆದ್ದರಿಂದ ಯೋಚಿಸುವುದನ್ನು ಆ ನಿಂತ ಚಿತ್ರ ನೋಡುತ್ತಲೇ ಮಾಡಬಹುದು ಎಂಬ ಮಾತನ್ನು ಕೋಣೆಯೊಳಗೆ ನಿಂತು ಕೆಲಸ ಮಾಡಿದವರಷ್ಟೇ ಹೀಗೆ ಬರೆಯಬಲ್ಲರು. ಇದನ್ನೇ ಹಿಗ್ಗಿಸಿ. ಕಿರಣದ ಕಿಂಡಿಯನ್ನು ಬೇಕಾದ ಜಾಗಕ್ಕಷ್ಟೇ ಕಿರಿದುಗೊಳಿಸುವುದು ಮಗುವಿನ ವಿಷಯದಲ್ಲಿ ಏಕೆ ಇನ್ನೂ ಮುಖ್ಯವೆಂದು ಹೇಳಿ. ಪುಟ್ಟ ಮೈಯಲ್ಲಿ ಥೈರಾಯ್ಡ್, ಹೃದಯ, ಹೊಟ್ಟೆ ಎಲ್ಲವೂ ಗೇಣುದ್ದದೊಳಗೇ ಇರುತ್ತವೆ. ಚಿತ್ರ ಹಿಡಿಯುವ ಫಲಕವನ್ನು ಮಗುವಿನ ಸಮೀಪಕ್ಕೆ ತಂದು ಕಿರಣ ಹೊರಡಿಸುವ ಟ್ಯೂಬನ್ನು ದೂರವಿಡುವುದು, ತೀರಾ ಚಿಕ್ಕ ಮಕ್ಕಳಿಗೆ ಚದುರಿದ ಕಿರಣವನ್ನು ಸೋಸುವ ಗ್ರಿಡ್ ಜಾಲರಿಯನ್ನು ತೆಗೆಯುವುದು, ಚಿತ್ರವನ್ನು ಅನಗತ್ಯವಾಗಿ ಹಿಗ್ಗಿಸದಿರುವುದು, ಹಲವು ಪಟ್ಟು ಹೆಚ್ಚು ವಿಕಿರಣ ಬೇಡುವ ಸಿನೆ ಚಿತ್ರೀಕರಣದ (ಹೆಚ್ಚು ಸ್ಪಷ್ಟವಾದ ಚಲಿಸುವ ಎಕ್ಸ್-ರೇ ದಾಖಲೆ) ಬದಲು ಸಾಧ್ಯವಾದಲ್ಲಿ ಫ್ಲೋರೋಸ್ಕೋಪಿಯ (ಕೆಲಸ ಮಾಡುತ್ತಾ ನೋಡುವ ಕಡಿಮೆ ಬಲದ ನೇರ ಎಕ್ಸ್-ರೇ) ಚಿತ್ರಗಳನ್ನೇ ಉಳಿಸಿಕೊಳ್ಳುವುದು, ಇವೆಲ್ಲ ನಿಮಗೆ ನಿತ್ಯದ ಕೆಲಸ. ಓದುಗರಿಗೆ ಹೊಸ ಸುದ್ದಿ. ಬಿಟ್ಟು ಬಿಟ್ಟು ಹೊರಡುವ ಕಿರಣದ, ಸೆಕೆಂಡಿಗೆ 30 ಇದ್ದ ಮಿಡಿತವನ್ನು 7.5ಕ್ಕೆ ಇಳಿಸಿದರೆ ವಿಕಿರಣ ಕಾಲು ಭಾಗಕ್ಕೆ ಇಳಿಯುತ್ತದೆ ಎಂದಿದ್ದೀರಿ. ಗಣನೀಯವಾಗಿ ಇಳಿಯುತ್ತದೆ, ಸರಿ. ಆದರೆ ಚಿತ್ರ ಮಸುಕಾಗದಿರಲೆಂದು ಕೆಲವು ಯಂತ್ರಗಳು ಒಂದೊಂದು ಮಿಡಿತದ ಬಲವನ್ನು ಹೆಚ್ಚಿಸಿಕೊಳ್ಳುವುದರಿಂದ ಆ ಲೆಕ್ಕ ಎಲ್ಲೆಡೆ ಕೂಡುವುದಿಲ್ಲ.

ತಿದ್ದಲೇಬೇಕಾದ ತಪ್ಪುಗಳು ಎರಡಿವೆ. ‘ಮಗುವಿನ ಮೈಗೆ ಸೀಸದ ಹೊದಿಕೆ ಹೊದಿಸಿದರೆ ಸಾಕು’ ಎಂದು ಬರೆದಿದ್ದೀರಿ. ಟ್ಯೂಬು ಸಾಮಾನ್ಯವಾಗಿ ಮೇಜಿನ ಕೆಳಗಿರುವಾಗ ಮೇಲೆ ಹೊದಿಸಿದ ಸೀಸ ನೇರ ಕಿರಣವನ್ನು ತಡೆಯದು. ಅದರ ಅಂಚು ಚಿತ್ರದೊಳಗೆ ಬಂದರಂತೂ ಯಂತ್ರ ತಾನಾಗಿಯೇ ಕಿರಣದ ಬಲ ಏರಿಸಿ ಮಗುವಿಗೆ ಇನ್ನಷ್ಟು ವಿಕಿರಣ ಕೊಡುತ್ತದೆ. ನೀವು ತೊಡುವ ಸೀಸದ ಏಪ್ರನ್ ಮಗುವಿನ ಮೈಯಿಂದ ಚದುರಿ ಬರುವ ಕಿರಣದಿಂದ ನಿಮ್ಮನ್ನು ಕಾಯುವುದಕ್ಕೆ, ಅದು ಬೇರೆ ಮಾತು. ಎರಡನೆಯದಾಗಿ, ಪರದೆ ತೋರಿಸಿದ ಮಿಲಿಗ್ರೇ (ವಿಕಿರಣದ ಶಕ್ತಿಯ ಅಳತೆ) ಅಂಕಿಯನ್ನೇ ಮಿಲಿಸೀವರ್ಟ್ (ಮೈಗೆ ಆಗಬಹುದಾದ ಹಾನಿಯ ಅಳತೆ) ಎಂದು ಭಾವಿಸಿ, ಭೂಮಿಯ ಮೇಲೆ ಮನುಷ್ಯನಿಗೆ ನಿಸರ್ಗದಿಂದ ವರ್ಷಕ್ಕೆ ಸರಾಸರಿ ಸಿಗುವ 2.4 ಮಿಲಿಸೀವರ್ಟ್ ಜೊತೆ ಹೋಲಿಸಿದ್ದೀರಿ. ಪರದೆಯ ಅಂಕಿ ಯಂತ್ರದ ಗೊತ್ತಾದ ಒಂದು ಬಿಂದುವಿನ ಅಳತೆ. ಅದನ್ನು ಮಿಲಿಸೀವರ್ಟ್‌ಗೆ ತರಲು ಮಗುವಿನ ವಯಸ್ಸು, ಕಿರಣ ಬಿದ್ದ ಅಂಗ, ಕೋನ ಎಲ್ಲವೂ ಬೇಕು. ಆ ಪ್ಯಾರಾ ಪೂರ್ತಿ ಹೋಗಲಿ.

ಪಾಲಕರು ಏನು ಕೇಳಬೇಕೆಂಬ ಭಾಗ ಚೆನ್ನಾಗಿದೆ. ಅಲ್ಟ್ರಾಸೌಂಡ್‌ನಿಂದ ಇದೇ ಕೆಲಸ ಆಗುತ್ತದೆಯೇ, ಯಂತ್ರದಲ್ಲಿ ಮಕ್ಕಳಿಗೆಂದೇ ಹೊಂದಿಸಿದ ಕ್ರಮ ಇದೆಯೇ, ವಿಕಿರಣದ ಅಳತೆಯನ್ನು ಮಗುವಿನ ಕಾಗದಪತ್ರದಲ್ಲಿ ಬರೆದುಕೊಡುವಿರಾ ಎಂಬ ಪ್ರಶ್ನೆಗಳು ಸಾಕು. ಇಂಥ ಯಂತ್ರಗಳಿಗೆ ಪರವಾನಗಿ ನೀಡುವುದು 1983ರಲ್ಲಿ ಸ್ಥಾಪನೆಯಾದ ಅಣುಶಕ್ತಿ ನಿಯಂತ್ರಣ ಮಂಡಳಿ ಎಂಬುದನ್ನು ಒಂದು ಸಾಲಿನಲ್ಲಿ ಸೇರಿಸಿ. ಕಿರಣ ನಿಂತ ಮೇಲೆ ಮಗುವಿನ ಮೈಯಲ್ಲಿ ವಿಕಿರಣ ಉಳಿಯುವುದಿಲ್ಲ, ಎತ್ತಿಕೊಳ್ಳಲು ಅಂಜಬೇಕಾಗಿಲ್ಲ ಎಂಬುದನ್ನೂ ಬರೆಯಿರಿ. ಅಜ್ಜಿಯರು ಮೊದಲು ಕೇಳುವುದು ಅದನ್ನೇ.

ಕೊನೆಯದಾಗಿ, ಶಹಾಪುರ ತಾಲ್ಲೂಕಿನ ಆ ಮಗುವಿನ ಊರು, ಹೆಸರು, ತಂದೆಯ ಕಸುಬು, ಚಿಕಿತ್ಸೆಯ ದಿನಾಂಕ ಎಲ್ಲವನ್ನೂ ಕೊಟ್ಟಿದ್ದೀರಿ. ವಯಸ್ಸು ಮತ್ತು ಕಾಯಿಲೆ ಬಿಟ್ಟು ಉಳಿದದ್ದನ್ನು ಅಳಿಸಿ, ಅಷ್ಟನ್ನು ಬರೆಯುವುದಕ್ಕೂ ಮನೆಯವರ ಒಪ್ಪಿಗೆ ಪಡೆದು, ತಿದ್ದಿದ ಪ್ರತಿಯನ್ನು ನಿಮ್ಮ ವಿಭಾಗದ ಹಿರಿಯ ವೈದ್ಯರೊಬ್ಬರಿಂದ ಓದಿಸಿ ಕಳುಹಿಸಿ.

ಇಂತಿ,
ಸಂಪಾದಕ