ಹಳೆಯ ಜಿಎಂಸಿ ಮಿಲಿಟರಿ ಲಾರಿ: ಎಂಜಿನ್ ಬಿಚ್ಚಿ ಕಟ್ಟುವುದೋ, ಬೇರೆಯದನ್ನು ಕೂರಿಸುವುದೋ?

ತಮ್ಮ 1943ರ ಜಿಎಂಸಿ ಸಿಸಿಕೆಡಬ್ಲ್ಯೂ (ಎರಡನೇ ಮಹಾಯುದ್ಧ ಕಾಲದ ಅಮೆರಿಕನ್ ಸೇನಾ ಮಾದರಿ) ಲಾರಿ ನೀಲಿ ಹೊಗೆ ಬಿಡುತ್ತಿದೆ, ಬಿಸಿಯಾದ ಮೇಲೆ ಆಯಿಲ್ ಪ್ರೆಶರ್ ಇಳಿಯುತ್ತಿದೆ, ಮೆಕ್ಯಾನಿಕ್ ಡೀಸೆಲ್ ಎಂಜಿನ್ ಕೂರಿಸಲು ಹೇಳುತ್ತಿದ್ದಾರೆ ಎಂದು ಬರೆದಿದ್ದೀರಿ. ಈ ಎರಡು ಲಕ್ಷಣಗಳನ್ನಷ್ಟೇ ನೋಡಿ ಹಳೆಯ ಎಂಜಿನ್ನನ್ನು ಕೈಬಿಡಬೇಡಿ ಎಂಬುದು ನನ್ನ ವಿನಂತಿ. ಹೊಗೆಗೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಗೈಡ್ (ವಾಲ್ವಿನ ಕಾಂಡ ಜಾರುವ ಕೊಳವೆ), ಪ್ರೆಶರ್ ಇಳಿಯುವುದಕ್ಕೆ ಬೇರಿಂಗ್ ಅಥವಾ ಆಯಿಲ್ ಪಂಪ್ ಕಾರಣವಾಗಿರಬಹುದು. ಇವೆಲ್ಲವೂ ಬದಲಾಯಿಸಬಹುದಾದ ಭಾಗಗಳು. ನಿಜವಾದ ತೀರ್ಮಾನ ಬ್ಲಾಕ್ (ಸಿಲಿಂಡರುಗಳಿರುವ ಎರಕದ ಮೈ) ಮತ್ತು ಕ್ರ್ಯಾಂಕ್‌ಶಾಫ್ಟ್‌ಗಳ ಸ್ಥಿತಿಯನ್ನು ಅವಲಂಬಿಸಿದೆ.

ಮೊದಲು ಎಂಜಿನ್ ಬಿಸಿಯಿರುವಾಗ ಆರೂ ಸಿಲಿಂಡರುಗಳ ಕಂಪ್ರೆಷನ್ (ಒಳಗಿನ ಒತ್ತಡ) ಗೇಜಿನಿಂದ ಅಳೆಯಿರಿ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆದಾಗ ಮುಳ್ಳು ಮೇಲೇರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಕಡೆ ನೋಡಬೇಕು. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಕುಸಿದಿದ್ದರೆ ಹೆಡ್ ಗ್ಯಾಸ್ಕೆಟ್ಟನ್ನು ಶಂಕಿಸಿ. ಆಮೇಲೆ ಹೆಡ್ ಮತ್ತು ಆಯಿಲ್ ಸಂಪ್ ಬಿಚ್ಚಿ, ವರ್ಕ್‌ಶಾಪಿನಲ್ಲಿ ಬ್ಲಾಕಿನ ಬಿರುಕು, ಬೋರಿನ ಸವೆತ ಹಾಗೂ ಕ್ರ್ಯಾಂಕಿನ ಜರ್ನಲ್‌ಗಳನ್ನು (ಬೇರಿಂಗಿನೊಳಗೆ ತಿರುಗುವ ನುಣುಪು ಭಾಗಗಳನ್ನು) ಪರೀಕ್ಷಿಸಿಸಿ. ನೀರು ಹೆಪ್ಪುಗಟ್ಟಿದ ಎಂಜಿನ್ನುಗಳಲ್ಲಿ ಬ್ಲಾಕಿನ ಹೊರಗೋಡೆ ಸೀಳಿರುವುದುಂಟು. ದಪ್ಪ ಬಣ್ಣದಡಿ ಅದು ಕಾಣುವುದಿಲ್ಲವಾದ್ದರಿಂದ ಬಣ್ಣ ಕೆರೆದೇ ನೋಡಬೇಕು.

ಈ ಪರೀಕ್ಷೆಯಲ್ಲಿ ಬ್ಲಾಕ್ ಪಾಸಾದರೆ ಅದನ್ನೇ ಕಟ್ಟಿಸಿ. 269.5 ಘನ ಅಂಗುಲದ ಈ 270 ಎಂಜಿನ್ನಿನಲ್ಲಿ ಶೆಲ್ ಬೇರಿಂಗುಗಳು (ಬದಲಾಯಿಸಬಹುದಾದ ತೆಳು ಅರೆಬಳೆಗಳು) ಇರುವುದರಿಂದ ಜರ್ನಲ್ ಗ್ರೈಂಡ್ ಮಾಡಿಸಿ, ಸಣ್ಣದಾದ ಜರ್ನಲ್ಲಿಗೆ ಹೊಂದುವ ಅಂಡರ್‌ಸೈಜ್ ಶೆಲ್ ಹಾಕಿದರೆ ಸಾಕು, ಲೋಹ ಕರಗಿಸಿ ಹೊಯ್ಯುವ ಹಳೆಯ ಕೆಲಸವಿಲ್ಲ. ನೀರಿನ ಜಾಕೆಟ್ಟಿನಲ್ಲಿ ಗಟ್ಟಿಯಾಗಿ ಕುಳಿತ ತುಕ್ಕಿನ ಕೆಸರನ್ನು ಪೂರ್ತಿ ತೆಗೆಸದಿದ್ದರೆ ಹೊಸ ಪಿಸ್ಟನ್‌ಗಳೂ ಬಿಸಿಗೆ ಹಿಡಿದುಕೊಳ್ಳುತ್ತವೆ. ಸೀಸವಿಲ್ಲದ ಇಂದಿನ ಪೆಟ್ರೋಲಿನಲ್ಲಿ ಭಾರ ಎಳೆಯುವುದಿದ್ದರೆ ಎಕ್ಸಾಸ್ಟ್ ಕಡೆಗೆ ಗಟ್ಟಿ ವಾಲ್ವ್ ಸೀಟುಗಳನ್ನೂ ಆಗಲೇ ಹಾಕಿಸಿಬಿಡಿ.

ಬ್ಲಾಕ್ ಕೆಟ್ಟಿದ್ದರೆ ಇನ್ನೊಂದು 270 ಹುಡುಕುವುದು ಸರಳ ದಾರಿ. ಎಂಜಿನ್ ನಂಬರ್ ಬದಲಾಗುತ್ತದೆಂದು ನೊಂದುಕೊಳ್ಳಬೇಕಿಲ್ಲ, ಏಕೆಂದರೆ ಈ ಲಾರಿಗಳಿಗೆ ಸೇನೆಯ ಡಿಪೋಗಳಲ್ಲೇ ಬೇರೆ ಎಂಜಿನ್ ಕೂರಿಸುವುದು ವಾಡಿಕೆಯಾಗಿತ್ತು. ನೋಂದಣಿ ಪತ್ರವನ್ನು ಮಾತ್ರ ತಿದ್ದಿಸಿಕೊಳ್ಳಿ. ಅದೇ ಕುಟುಂಬದ 302 ಎಂಜಿನ್ ಸಿಕ್ಕರೆ ಶಕ್ತಿಯೂ ಹೆಚ್ಚುತ್ತದೆ. ಆದರೆ ಅದು ಜಿಎಂಸಿಯ ನಂತರದ ಸೇನಾ ಲಾರಿಗಳಾದ ಎಂ135 ಅಥವಾ ಎಂ211ರದಾಗಿದ್ದರೆ ಹೈಡ್ರಾಮ್ಯಾಟಿಕ್ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಜೋಡಿಸಿದ್ದಾಗಿರುವುದರಿಂದ ಫ್ಲೈವೀಲ್, ಕ್ರ್ಯಾಂಕಿನ ಹಿಂತುದಿ ಮತ್ತು ಪೈಲಟ್ ಬೇರಿಂಗಿನ ಜಾಗವನ್ನು ಅಳೆದ ಮೇಲೆಯೇ ಹಣ ಕೊಡಿ.

ಡೀಸೆಲ್ಲಿನ ವಿಷಯದಲ್ಲಿ ನನಗೆ ನಿಜವಾದ ಆತಂಕವಿರುವುದು ಬ್ರೇಕಿನ ಬಗ್ಗೆ. ಈ ಲಾರಿಯ ಹೈಡ್ರೋವ್ಯಾಕ್ ಬ್ರೇಕಿಗೆ ಬಲ ಕೊಡುವುದು ಪೆಟ್ರೋಲ್ ಎಂಜಿನ್ನಿನ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ಹುಟ್ಟುವ ನಿರ್ವಾತ. ಸಾಮಾನ್ಯ ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ತಡೆಯುವ ಥ್ರಾಟಲ್ ಇಲ್ಲದ್ದರಿಂದ ಆ ನಿರ್ವಾತವೇ ಇರುವುದಿಲ್ಲ. ಸರಿಯಾದ ಅಳತೆಯ ವ್ಯಾಕ್ಯೂಮ್ ಪಂಪ್ ಮತ್ತು ಟ್ಯಾಂಕ್ ಹಾಕದೆ ರಸ್ತೆಗಿಳಿಸಿದರೆ ತುಂಬಿದ ಲಾರಿಯನ್ನು ಇಳಿಜಾರಿನಲ್ಲಿ ಕಾಲಿನ ಬಲದಿಂದ ಮಾತ್ರ ನಿಲ್ಲಿಸಬೇಕಾಗುತ್ತದೆ. ಜೊತೆಗೆ ಮುಂದಿನ ಸ್ಪ್ರಿಂಗಿನ ಮೇಲಿನ ಭಾರ, 6 ವೋಲ್ಟ್ ವೈರಿಂಗ್, ರೇಡಿಯೇಟರ್ ಎಲ್ಲವನ್ನೂ ಮತ್ತೆ ಲೆಕ್ಕ ಹಾಕಬೇಕು. ಹೊಸ ಎಂಜಿನ್ನಿನ ಗರಿಷ್ಠ ವೇಗ ಹಳೆಯದರ ನಿಮಿಷಕ್ಕೆ 2750 ಸುತ್ತಿಗಿಂತ ಬಹಳ ಕಡಿಮೆಯಿದ್ದರೆ ಲಾರಿ ಇನ್ನೂ ನಿಧಾನವಾಗುತ್ತದೆ. ಟಾರ್ಕ್ (ತಿರುಗಿಸುವ ಬಲ) ಬಹಳ ಹೆಚ್ಚಿದ್ದರೆ ಗೇರ್‌ಬಾಕ್ಸ್ ಮತ್ತು ಆಕ್ಸಲ್‌ಗಳು ಸವೆಯುತ್ತವೆ. ದಿನವೂ ದುಡಿಸುವ ಲಾರಿಯಾದರೆ ಇಷ್ಟೆಲ್ಲ ಮಾಡುವುದಕ್ಕೆ ಅರ್ಥವಿದೆ, ಆಗಲೂ ಚಾಸಿಯನ್ನು ಕತ್ತರಿಸದೆ ಬೋಲ್ಟಿನಿಂದ ಕೂರುವ ಬ್ರಾಕೆಟ್ಟುಗಳನ್ನೇ ಮಾಡಿಸಿ.

ಕಂಪ್ರೆಷನ್ ಅಳತೆಗಳು ಬಂದ ಮೇಲೆ ಆರೂ ಅಂಕಿಗಳನ್ನು, ಬಿಸಿ ಎಂಜಿನ್ನಿನ ಆಯಿಲ್ ಪ್ರೆಶರ್ ಸಮೇತ, ಇಲ್ಲಿ ಬರೆಯಿರಿ. ಮುಂದೆ ಏನು ಬಿಚ್ಚಬೇಕೆಂದು ಅವುಗಳಿಂದಲೇ ಹೇಳಬಹುದು.