ಒಬ್ಬನಿಗೆ ಮೂರು ಕಾಯಿಲೆ ಇರ್ತದಾ?

ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಓದುಗರೊಬ್ಬರು ತಮ್ಮನ ಬಗ್ಗೆ ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ. ಪತ್ರದ ಸಾರ ಇಷ್ಟು: "ಎರಡು ವರ್ಷದ ಹಿಂದೆ ಒಬ್ಬ ಡಾಕ್ಟರು ತಮ್ಮನಿಗೆ ಖಿನ್ನತೆ ಎಂದರು. ಈಗ ಇನ್ನೊಬ್ಬರು, ಖಿನ್ನತೆಯ ಜೊತೆ ಆತಂಕದ ಕಾಯಿಲೆಯೂ ಇದೆ, ಕುಡಿತವೂ ಚಟವಾದ ಹಾಗಿದೆ ಎನ್ನುತ್ತಾರೆ. ಡಾಕ್ಟ್ರಿಗೇ ಗೊತ್ತಾಗ್ಲಿಲ್ಲ, ಜೋಯಿಸರಲ್ಲಿ ಪ್ರಶ್ನೆ ಇಡುವ ಅಂತ ಮನೆಯವರು ಹೇಳ್ತಾರೆ. ಕುಡಿಯುವ ವಿಷಯ ನಾವು ಮೊದಲಿನವರಿಗೆ ಹೇಳಿರಲಿಲ್ಲ. ಒಬ್ಬನಿಗೆ ಮೂರು ಕಾಯಿಲೆ ಇರ್ತದಾ?"

ಅಕ್ಕಾ, ನಮಸ್ಕಾರ.

ಇರ್ತದೆ. ಅದು ಅಪರೂಪವೂ ಅಲ್ಲ. ಮೊದಲಿನ ಡಾಕ್ಟರು ತಪ್ಪು ಹೇಳಿದರು ಎಂದೂ ಅಲ್ಲ.

ನಮ್ಮ ಕಡೆ ಎಲ್ಲದಕ್ಕೂ ಒಂದೇ ಮಾತು, ಮಂಡೆಬೆಚ್ಚ. ಬೇಜಾರಾದರೂ ಮಂಡೆಬೆಚ್ಚ, ಹೆದರಿಕೆಯಾದರೂ ಮಂಡೆಬೆಚ್ಚ, ನಿದ್ದೆ ಬಾರದಿದ್ದರೂ ಅದೇ. ಡಾಕ್ಟರು ಅದನ್ನೇ ಬಿಡಿಸಿ ನೋಡಿ ಬೇರೆ ಬೇರೆ ಹೆಸರು ಬರೆಯುತ್ತಾರೆ. ಮನೆಯವರಿಗೆ ಮಾತ್ರ ಒಂದು ಕಾಯಿಲೆ ಇದ್ದದ್ದು ಮೂರಾದ ಹಾಗೆ ಕಾಣುತ್ತದೆ.

ಎಷ್ಟು ಜನರಿಗೆ ಹೀಗೆ ಒಂದಕ್ಕಿಂತ ಹೆಚ್ಚು ಕಾಯಿಲೆ ಇರುತ್ತದೆ ಎಂದು ತಿಳಿಯಲು ಆಸ್ಪತ್ರೆಗೆ ಬರುವವರನ್ನಷ್ಟೇ ಎಣಿಸಿದರೆ ಲೆಕ್ಕ ಸರಿಯಾಗಿ ಸಿಗುವುದಿಲ್ಲ. ಎರಡು ತೊಂದರೆ ಇದ್ದವರೇ ಅಲ್ಲಿಗೆ ಜಾಸ್ತಿ ಬರುತ್ತಾರೆ ಅಲ್ವಾ? ಹಾಗಾಗಿ ಮನೆ ಮನೆಗೆ ಹೋಗಿ ಕೇಳಿದ ಸಮೀಕ್ಷೆಗಳು ಮುಖ್ಯ. ಅಮೆರಿಕದಲ್ಲಿ 9,282 ಜನರನ್ನು ಹೀಗೆ ಮಾತಾಡಿಸಿದ ಸಮೀಕ್ಷೆಯೊಂದು 2005ರಲ್ಲಿ ಪ್ರಕಟವಾಯಿತು. ಆ ಒಂದು ವರ್ಷದಲ್ಲಿ ಯಾವುದಾದರೂ ಮಾನಸಿಕ ಕಾಯಿಲೆ ಇದ್ದವರ ಪೈಕಿ ಸುಮಾರು ಶೇ. 45 ಜನರಿಗೆ ಎರಡು ಅಥವಾ ಅದಕ್ಕಿಂತ ಹೆಚ್ಚು ಕಾಯಿಲೆ ಇತ್ತು. ನಿಮ್ಮ ತಮ್ಮನ ಹಾಗೆ ಮೂರೋ ಅದಕ್ಕಿಂತ ಜಾಸ್ತಿಯೋ ಇದ್ದವರು ಶೇ. 23. ಡೆನ್ಮಾರ್ಕಿನಲ್ಲಿ ಸುಮಾರು 59 ಲಕ್ಷ ಜನರ ದಾಖಲೆ ನೋಡಿದ ಅಧ್ಯಯನ 2019ರಲ್ಲಿ ಬಂತು. ಒಂದು ಮಾನಸಿಕ ಕಾಯಿಲೆ ಬಂದವರಿಗೆ ಇನ್ನೊಂದು ಬರುವ ಸಂಭವ ಹೆಚ್ಚು, ಅದರಲ್ಲೂ ಮೊದಲ ವರ್ಷದಲ್ಲಿ ತುಂಬಾ ಹೆಚ್ಚು ಎಂದು ಅದರಲ್ಲಿ ಕಂಡಿತು.

ಯಾಕೆ ಹೀಗೆ? ನನ್ನ ಸೋದರಮಾವನನ್ನು ನೆನೆಸಿಕೊಂಡರೆ ನನಗೆ ಬೇಗ ಅರ್ಥವಾಗುತ್ತದೆ. ಅವರಿಗೆ ಮೊದಲು ಬಂದದ್ದು ಹೆದರಿಕೆ. ಕುಂಬಳೆಗೆ ಹೊರಟರೆ ಬಸ್ಸಿನಲ್ಲಿ ಎದೆ ಡವಡವ, ಕೈ ಬೆವರು. ಸೀತಾಂಗೋಳಿಯಲ್ಲೇ ಇಳಿದು ನಡೆದು ವಾಪಸು ಬರುತ್ತಿದ್ದರು. ಆಮೇಲೆ ಬಸ್ಸು ಹತ್ತುವುದನ್ನೇ ಬಿಟ್ಟರು. ಮದುವೆ ಇಲ್ಲ, ಪೂಜೆ ಇಲ್ಲ, ಅಡಿಕೆ ಕೊಡಲೂ ಬೇರೆಯವರೇ ಹೋಗಬೇಕು. ಇಡೀ ದಿನ ಜಗಲಿಯ ಕಂಬಕ್ಕೆ ಒರಗಿ ಕೂತವರಿಗೆ ಬೇಸರ ಹತ್ತದೆ ಇರುತ್ತದಾ? ಆ ವರ್ಷ ಮಹಾಳಿ ರೋಗ ಬಂದು ಅಡಿಕೆಯೆಲ್ಲ ಉದುರಿತು. ತೋಟಕ್ಕೆ ಮದ್ದು ಬಿಡಿಸಿ ಅಂತ ಹೇಳಿದರೂ ಅವರು ಎದ್ದಿರಲಿಲ್ಲ. ಸೋಮಾರಿ ಅಂದೆವು ನಾವು. ಇವತ್ತಿಗೂ ಆ ಮಾತು ನನ್ನನ್ನು ಚುಚ್ಚುತ್ತದೆ.

ಎಷ್ಟೋ ಜನರಲ್ಲಿ ಆತಂಕ ಮೊದಲು ಬರುತ್ತದೆ, ಖಿನ್ನತೆ ಅದರ ಹಿಂದೆ. ಎರಡಕ್ಕೂ ಒಂದೇ ಬೇರು ಇರುವುದೂ ಉಂಟು: ಮನೆತನದಿಂದ ಬಂದ ಗುಣ, ಚಿಕ್ಕಂದಿನ ಪೆಟ್ಟು, ದೊಡ್ಡ ನಷ್ಟ. ನಿದ್ದೆ ಬಾರದಿರುವುದು, ಸುಸ್ತು, ಒಂದು ಕಡೆ ಮನಸ್ಸು ನಿಲ್ಲದಿರುವುದು ಎರಡರಲ್ಲೂ ಇರುವ ಲಕ್ಷಣಗಳೇ. ಹಾಗಾಗಿ ಮೊದಲ ದಿನ ಒಂದೇ ಕಾಣುವುದು ಸಹಜ.

ಇನ್ನು ಕುಡಿತ. ಅಟ್ಟದಲ್ಲಿ ಅಡಿಕೆ ಗೋಣಿಯ ಹಿಂದೆ ಬಾಟ್ಲಿ ಸಿಕ್ಕಿತು ಎಂದು ಬರೆದಿದ್ದೀರಿ. ನಿದ್ದೆಗೆ ಅಂತ ಶುರುವಾದದ್ದು ಎಂದು ಅವನೇ ಹೇಳಿದನಂತೆ. ಕುಡಿದಾಗ ಹೆದರಿಕೆ ಸ್ವಲ್ಪ ಹೊತ್ತು ಇಳಿಯುತ್ತದೆ, ನಿಜ. ಅಮಲು ಇಳಿಯುವಾಗ ಅದೇ ಹೆದರಿಕೆ ಜಾಸ್ತಿಯಾಗಿ ಬರುತ್ತದೆ, ನಿದ್ದೆಯೂ ಕೆಡುತ್ತದೆ. ಮರುದಿನ ಮತ್ತೆ ಬಾಟ್ಲಿ. ಇದನ್ನು ಡಾಕ್ಟರಿಗೆ ಹೇಳದಿದ್ದರೆ ಅವರು ಯಾವ ಔಷಧ ಬರೆದರೂ ಅರ್ಧ ಕತ್ತಲೆಯಲ್ಲಿ ಬರೆದ ಹಾಗೆ. ಮರ್ಯಾದೆಗೆ ಅಂಜಿ ಮುಚ್ಚಿಟ್ಟಿರಿ, ಅದು ನನಗೆ ಅರ್ಥವಾಗುತ್ತದೆ. ಈಗ ಹೇಳಿಬಿಡಿ. ಇನ್ನೊಂದು ಮಾತು: ದಿನಾ ಜಾಸ್ತಿ ಕುಡಿಯುವವನಾದರೆ "ನಾಳೆಯಿಂದ ಬಂದ್" ಎಂದು ಮನೆಯಲ್ಲೇ ನಿಲ್ಲಿಸಬೇಡಿ. ಕೈ ನಡುಕ, ಫಿಟ್ಸ್, ಭ್ರಮೆ ಬರಬಹುದು, ಜೀವಕ್ಕೇ ಅಪಾಯ. ಡಾಕ್ಟರ ಕೈಯಲ್ಲೇ ಬಿಡಿಸಬೇಕು.

ಮೂರು ಹೆಸರು ಅಂದರೆ ಮೂರು ಚೀಲ ಮಾತ್ರೆ ಅಲ್ಲ. ಖಿನ್ನತೆಗೆ ಕೊಡುವ ಕೆಲವು ಔಷಧಗಳೇ ಆತಂಕಕ್ಕೂ ಆಗುತ್ತವೆ.

ಪ್ರಶ್ನೆ ಇಡುವುದನ್ನು ನಾನು ಬೇಡ ಅನ್ನುವುದಿಲ್ಲ. ಅಮ್ಮನ ಮನಸ್ಸಿಗೆ ಸಮಾಧಾನ ಆಗುವುದಾದರೆ ಆಗಲಿ. ಆದರೆ ಅದರ ಹೆಸರಿನಲ್ಲಿ ಮಾತ್ರೆ ಒಂದು ದಿನವೂ ನಿಲ್ಲಬಾರದು. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಿಮ್ಹಾನ್ಸ್ 12 ರಾಜ್ಯಗಳಲ್ಲಿ ಮಾಡಿತು, ನಮ್ಮ ಕೇರಳವೂ ಅದರಲ್ಲಿತ್ತು. ದೊಡ್ಡವರಲ್ಲಿ ಸುಮಾರು ಹತ್ತಕ್ಕೆ ಒಬ್ಬರಿಗೆ ಮಾನಸಿಕ ಕಾಯಿಲೆ ಇದೆ, ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆಯೇ ಸಿಕ್ಕಿಲ್ಲ ಎಂದು ಗೊತ್ತಾಯಿತು. ನಿಮ್ಮ ತಮ್ಮ ಡಾಕ್ಟರ ಬಾಗಿಲ ತನಕ ಹೋಗಿದ್ದಾನೆ. ಅಲ್ಲಿಂದ ಹಿಂದೆ ಕರೆದುಕೊಂಡು ಬರಬೇಡಿ.

ಮುಂದಿನ ಸಲ ಎರಡೂ ಚೀಟಿ ತೆಗೆದುಕೊಂಡು ಹೋಗಿ. ಹೆದರಿಕೆ ಯಾವಾಗ ಶುರುವಾಯಿತು, ಬೇಸರ ಯಾವಾಗ, ಕುಡಿತ ಯಾವಾಗ ಎಂದು ಅವನನ್ನೇ ಕೇಳಿ ಒಂದು ಹಾಳೆಯಲ್ಲಿ ಬರೆದಿಡಿ. ಮಲಯಾಳಂನಲ್ಲಿ ಹೇಳಲು ತಡವರಿಸುತ್ತಾನೆ ಎಂದಿದ್ದೀರಿ. ಕನ್ನಡದಲ್ಲೇ ಹೇಳಲಿ, ಡಾಕ್ಟರಿಗೆ ಗೊತ್ತಾಗದಿದ್ದರೆ ನೀವು ಪಕ್ಕದಲ್ಲಿ ಕೂತು ತಿಳಿಸಿ. ರಾತ್ರಿ ಹೊತ್ತಿನಲ್ಲಿ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಸಾಯುವ ಮಾತು ಬಂದರೆ ಅವನನ್ನು ಒಬ್ಬನೇ ಬಿಡಬೇಡಿ, ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಹೋಗಿ ಬಂದ ಮೇಲೆ ನಾಲ್ಕು ಸಾಲು ಬರೆಯಿರಿ ಅಕ್ಕ. ಕಾಯುತ್ತಿರುತ್ತೇನೆ.

– ಸಂಪಾದಕ